ಮೆಟಡೋರಿನ ನೆಲ

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ದಿನಕ್ಕೆ ಹತ್ತು ಸಲ ಓಡಾಡುವವರನ್ನು ನಿಲ್ಲಿಸಿ ಆ 'ಎಚ್' ಅಂದರೇನು ಎಂದು ಕೇಳಿ ನೋಡಿ, ಅರ್ಧಕ್ಕರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಶಿವರುದ್ರಮ್ಮನನ್ನು ಕೇಳಬೇಕಿತ್ತು. ಬೆಂಗಳೂರಿನಿಂದ ಹೊರಟ ಈ ರಸ್ತೆ ತನ್ನ ಮನೆಯ ಜಗಲಿಯ ಮುಂದೆಯೇ ಹಾದು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು, ಹೊನ್ನಾವರದಲ್ಲಿ ಸಮುದ್ರದ ಹತ್ತಿರ ಮುಗಿಯುತ್ತದೆ ಎಂಬುದನ್ನು ಆಕೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ರಸ್ತೆಯ ಆ ಕೊನೆಯಲ್ಲಿ ಆಕೆಯ ತಂಗಿ ಹೊಂಬಾಳಮ್ಮ ಇದ್ದಳು. ಅಕ್ಕತಂಗಿಯರು ಮುಖ ನೋಡಿ ಆರು ವರ್ಷವಾಗಿತ್ತು.

ಎಂಬತ್ತಮೂರನೇ ಇಸವಿಯ ಜನವರಿಯಲ್ಲಿ ಹೊಂಬಾಳಮ್ಮನಿಂದ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಮಗಳ ಮದುವೆ ಗೊತ್ತಾಗಿದೆ, ಫೆಬ್ರವರಿ ಹದಿನೆಂಟಕ್ಕೆ. 'ಅಕ್ಕ, ನೀನು ಬಂದು ಅರಿಶಿನ ಹಚ್ಚದೆ ಹುಡುಗಿಯನ್ನು ಮಣೆ ಮೇಲೆ ಕೂರಿಸೋದಿಲ್ಲ. ಹೇಗಾದರೂ ಬಾ' ಎಂದು ಬರೆದಿದ್ದಳು. ಆ 'ಹೇಗಾದರೂ' ಎಂಬ ಮಾತಿನಲ್ಲೇ ಎಲ್ಲ ತೊಡಕೂ ಇತ್ತು.

ಮೂರು ವರ್ಷದ ಹಿಂದೆ ಅಟ್ಟದಿಂದ ಕೊಬ್ಬರಿ ಇಳಿಸುವಾಗ ಏಣಿ ಜಾರಿ ಶಿವರುದ್ರಮ್ಮ ಬಿದ್ದಿದ್ದಳು. ಸೊಂಟದ ಮೂಳೆ ಕೂಡಿಕೊಂಡಿತು, ಆದರೆ ತನಗೆ ಬೇಕಾದ ಹಾಗೆ ಕೂಡಿಕೊಂಡಿತು. ಕೋಲು ಹಿಡಿದರೆ ಅಂಗಳದವರೆಗೆ ನಡೆಯುತ್ತಿದ್ದಳು. ಕೂತರೆ ಕಾಲು ಗಂಟೆ, ಆಮೇಲೆ ಬೆನ್ನು ಚಾಚಲೇಬೇಕು. ರೈಲು ತಾಳಗುಪ್ಪಕ್ಕೇ ನಿಂತುಬಿಡುತ್ತದೆ, ಅಲ್ಲಿಂದಾಚೆ ಘಟ್ಟದ ಬಸ್ಸೇ ಗತಿ. ಬಸ್ಸು ಆಕೆಯ ಪಾಲಿಗೆ ಮುಗಿದ ಕತೆ. ಹಾಗಾಗಿ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲಕ್ಕೂ ಗಂಡ ಮರುಳಸಿದ್ದಯ್ಯ ಒಬ್ಬನೇ ಹೋಗಿ ಬರುತ್ತಿದ್ದ. ಬಂದವನು ಅಂಗಿ ಕಳಚುವ ಮೊದಲೇ ಹೆಂಡತಿಯ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳುತ್ತಿದ್ದ. ಒಳ್ಳೆಯ ಮನುಷ್ಯ, ಏನನ್ನೂ ಬಿಡುತ್ತಿರಲಿಲ್ಲ. ಮದುಮಗಳ ಸೀರೆಯ ಅಂಚು ಯಾವ ಬಣ್ಣ, ಪಾಯಸಕ್ಕೆ ಗೋಡಂಬಿ ಬಿದ್ದಿತ್ತೋ ಇಲ್ಲವೋ, ಬೀಗರಲ್ಲಿ ಯಾರು ಮುನಿಸಿಕೊಂಡರು, ಎಲ್ಲ. ಸಪ್ಪೆ ಎನಿಸಿದ ಕಡೆ ತಾನೇ ಸ್ವಲ್ಪ ಉಪ್ಪುಖಾರವನ್ನೂ ಸೇರಿಸುತ್ತಿದ್ದ. ಮೂರು ವರ್ಷದಿಂದ ಶಿವರುದ್ರಮ್ಮ ಲೋಕವನ್ನು ನೋಡಿದ್ದು ಗಂಡನ ಬಾಯಲ್ಲಿ. ಅವಳಿಗೆ ಅದು ಸಾಕುಸಾಕಾಗಿತ್ತು.

"ಈ ಸಲ ನೀವು ಹೋಗ್ಬಂದು ಹೇಳೋದು ಬ್ಯಾಡ ಕಣ್ರೀ" ಎಂದಳು ಕಾಗದ ಮಡಿಸುತ್ತ. "ನಾನೇ ಹೋಯ್ತೀನಿ. ಮಲ್ಕೊಂಡೇ ಹೋಯ್ತೀನಿ."

ಮಲಗಿಕೊಂಡು ಹೋಗುವ ಉಪಾಯ ಆಕೆಗೆ ಆಕಾಶದಿಂದ ಉದುರಿದ್ದಲ್ಲ. ಹಿಂದಿನ ವರ್ಷ ಒಂದು ಮಧ್ಯಾಹ್ನ, ಅವರ ಮನೆಯ ಮುಂದೆಯೇ ಯಾವುದೋ ದೇಶದ ಗಂಡಹೆಂಡಿರ ವ್ಯಾನು ಬೆಲ್ಟು ಹರಿದು ನಿಂತುಬಿಟ್ಟಿತ್ತು. ಮರುಳಸಿದ್ದಯ್ಯ ಸರ್ಕಾರಿ ಜೀಪಿನ ಡ್ರೈವರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು, ಇಂಥದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಅವನು ಬೆಲ್ಟು ಹಾಕುತ್ತಿದ್ದಾಗ ಶಿವರುದ್ರಮ್ಮ ಕೋಲೂರಿಕೊಂಡು ಹೋಗಿ ಬಾಗಿಲಲ್ಲಿ ಇಣುಕಿದಳು. ಒಳಗೆ ಹಾಸಿಗೆ, ಸೀಮೆಎಣ್ಣೆ ಸ್ಟವ್, ಕಿಟಕಿಗೆ ಪರದೆ, ಗೂಡಿನಲ್ಲಿ ತಟ್ಟೆ ಲೋಟ. ಆ ಹೆಂಗಸು ನಗುತ್ತ ಕೈ ಹಿಡಿದು ಒಳಗೆ ಹತ್ತಿಸಿಕೊಂಡು, ನೆಲದ ಮೇಲೆ ಹಾಸಿದ್ದ ಹಾಸಿಗೆಯಲ್ಲಿ ಮಲಗಿಸಿಯೇಬಿಟ್ಟಳು. ಐದು ನಿಮಿಷ ಅಷ್ಟೇ. ಶಿವರುದ್ರಮ್ಮ ಅದನ್ನು ಮರೆಯಲಿಲ್ಲ.

ಕೊಬ್ಬರಿ ಮೂಟೆ ಹೊತ್ತು ಹೊತ್ತು ಸವೆದು, ಮಂಡಿಯ ಹಿಂದೆ ಮೂಲೆಗೆ ಬಿದ್ದಿದ್ದ ಒಂದು ಮೆಟಡೋರ್ ವ್ಯಾನು ಮರುಳಸಿದ್ದಯ್ಯನ ಕೈಗೆ ಬಂತು. ಎಂಜಿನ್ನನ್ನು ಅವನೇ ಬಿಚ್ಚಿ ಕೂಡಿಸಿದ. ಪರದೆ, ಗೂಡು, ಸ್ಟವ್ ಇಡುವ ಕಟ್ಟೆ, ನೀರಿನ ಡ್ರಮ್ಮು, ಎಲ್ಲ ಒಂದು ವಾರದಲ್ಲಿ ಸಿದ್ಧವಾದವು. ಉಳಿದದ್ದು ನೆಲ. ಮೂಟೆ ಎಳೆದೆಳೆದು ತಗಡಿನ ನೆಲ ಅಲ್ಲಲ್ಲಿ ತುಕ್ಕು ತಿಂದು ತೂತಾಗಿತ್ತು. ಶಿವರುದ್ರಮ್ಮ ಮುನ್ನೂರು ಕಿಲೋಮೀಟರು ಬೆನ್ನು ಚಾಚುವುದು ಆ ನೆಲದ ಮೇಲೆ. ಬೇರೆ ಏನು ಸರಿಯಿಲ್ಲದಿದ್ದರೂ ನಡೆಯುತ್ತದೆ, ನೆಲ ಸರಿಯಿಲ್ಲದಿದ್ದರೆ ಹೊನ್ನಾವರವೂ ಇಲ್ಲ, ಮದುವೆಯೂ ಇಲ್ಲ.

ನೆಲ ಎಂದ ಕೂಡಲೇ ಗಂಡಹೆಂಡಿರಿಬ್ಬರ ಬಾಯಲ್ಲೂ ಒಂದೇ ಹೆಸರು ಬಂತು: ನೊಣವಿನಕೆರೆಯ ಹುಚ್ಚರಂಗಯ್ಯ.

ಹುಚ್ಚರಂಗಯ್ಯ ಅಟ್ಟ ಕಟ್ಟುವುದರಲ್ಲಿ ಎತ್ತಿದ ಕೈ. ಆ ಕಡೆಯ ಮನೆಗಳಲ್ಲಿ ಒಲೆಯ ಮೇಲಕ್ಕೆ ಬರುವ ಹಾಗೆ ಒಂದು ಅಟ್ಟ ಇದ್ದೇ ಇರುತ್ತದೆ. ಬಲಿತ ಕಾಯನ್ನು ಸುಲಿಯದೆ ಅದರ ಮೇಲೆ ರಾಶಿ ಹಾಕಿ ವರ್ಷಗಟ್ಟಲೆ ಬಿಡುತ್ತಾರೆ. ಕೆಳಗಿನ ಬಿಸಿ ಮತ್ತು ಹೊಗೆ ಸಂದಿನಿಂದ ಏರಿ ಏರಿ, ಕಾಯೊಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಟಗಟ ಸದ್ದು ಮಾಡಬೇಕು. ಅದಕ್ಕಾಗಿ ಅಟ್ಟಕ್ಕೆ ಅಡಿಕೆ ಮರ ಸೀಳಿ ಮಾಡಿದ ದಬ್ಬೆಗಳನ್ನು ಎರಡೆರಡು ಬೆರಳು ಸಂದು ಬಿಟ್ಟು ಬಡಿಯುತ್ತಾರೆ. ಹುಚ್ಚರಂಗಯ್ಯ ನಲವತ್ತು ವರ್ಷದಿಂದ ಅದೇ ಕೆಲಸ ಮಾಡಿದವನು. ಅಳತೆಪಟ್ಟಿ ಮುಟ್ಟಿದವನಲ್ಲ, ಬೆರಳು ಮತ್ತು ಗೇಣು ಸಾಕು. ಅವನು ಕಟ್ಟಿದ ಅಟ್ಟದಲ್ಲಿ ಒಂದು ಕಾಯಿ ಕೊಳೆಯಿತು ಎಂದು ಯಾರೂ ಹೇಳಿದ್ದಿಲ್ಲ. ಶಿವರುದ್ರಮ್ಮನ ಮನೆಯ ಅಟ್ಟವೂ ಅವನದೇ.

ವ್ಯಾನನ್ನು ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿ, ತಗಡಿನ ಮೇಲೆ ಎರಡು ಸಲ ಗುದ್ದಿ ಹುಚ್ಚರಂಗಯ್ಯ ಹೇಳಿದ: "ಮುಚ್ಚಿದ ನೆಲ ಬಾಳಿಕೆ ಬರಲ್ಲ ಅಮ್ಮಾರೆ. ಗಾಳಿ ಆಡ್ಬೇಕು. ಗಾಳಿ ಆಡ್ದಿದ್ರೆ ಮಳೆಗಾಲಕ್ಕೆ ಮರ ಲಡ್ಡಾಗ್ ಹೋಯ್ತದೆ."

"ಅದು ನ್ಯಾಯವೇ" ಎಂದ ಮರುಳಸಿದ್ದಯ್ಯ.

"ನಿನಗೆ ನಾನೇನು ಹೇಳಿಕೊಡ್ಲಿ ರಂಗಣ್ಣ" ಎಂದಳು ಶಿವರುದ್ರಮ್ಮ.

ಈ ಮಾತನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಆಕೆಗೆ ನಗು ಬರುತ್ತಿತ್ತು. ಮೂರು ಜನ ಬುದ್ಧಿ ನೆಟ್ಟಗಿರುವವರು ಒಂದು ವ್ಯಾನಿನ ಸುತ್ತ ನಿಂತು, ತಲೆಯಾಡಿಸಿ ಒಪ್ಪಿಕೊಂಡು ಮಾಡಿದ ತಪ್ಪು ಅದು. ತೂತು ಬಿದ್ದ ತಗಡನ್ನು ಹುಚ್ಚರಂಗಯ್ಯ ಮುಚ್ಚಲಿಲ್ಲ, ಇನ್ನಷ್ಟು ಕತ್ತರಿಸಿ ಅಗಲ ಮಾಡಿದ. ಅಡ್ಡಕ್ಕೆ ತೊಲೆ ಹಾಕಿ, ಮೇಲೆ ನುಣ್ಣಗೆ ಹೆರೆದ ಅಡಿಕೆ ದಬ್ಬೆಗಳನ್ನು ಎರಡೆರಡು ಬೆರಳು ಸಂದು ಬಿಟ್ಟು ಬಡಿದ. ಮೂರು ದಿನದ ಕೆಲಸ. ಒಂದು ದಬ್ಬೆಯೂ ಕಿರ್ ಎನ್ನುತ್ತಿರಲಿಲ್ಲ. ಹೊಸ ಅಟ್ಟ ಮುಗಿದಾಗ ಮನೆಯ ಹೆಂಗಸು ಮೊದಲ ಕಾಯಿ ಇಡುವುದು ಪದ್ಧತಿ. ಹುಚ್ಚರಂಗಯ್ಯ ಅದನ್ನೂ ಬಿಡಲಿಲ್ಲ. ಶಿವರುದ್ರಮ್ಮ ಒಂದು ತುಂಬುಗಾಯಿಗೆ ಅರಿಶಿನ ಕುಂಕುಮ ಇಟ್ಟು ವ್ಯಾನಿನ ನೆಲದ ಮೂಲೆಯಲ್ಲಿಟ್ಟು ಕೈ ಮುಗಿದಳು. ಅದು ನೆಲವಲ್ಲ, ಅಟ್ಟ ಎಂದು ಹೇಳಲು ಆ ಕಾಯಿಗೆ ಬಾಯಿರಲಿಲ್ಲ.

ಮಾರನೆಯ ಬೆಳಿಗ್ಗೆ ತುರುವೇಕೆರೆಯವರೆಗೆ ಹೋಗಿಬರುವುದೆಂದು ಮೂವರೂ ಹೊರಟರು. ಚಳಿ ಜೋರಾಗಿತ್ತು. ಶಿವರುದ್ರಮ್ಮ ಚಾಪೆ, ಜಮಖಾನ ಹಾಸಿಕೊಂಡು ನೆಲದ ಮೇಲೆ ಮಲಗಿದಳು. ಹೊರಡುವ ಅವಸರದಲ್ಲಿ ತಲೆ ಬಾಚಿರಲಿಲ್ಲ. ಬಾಚೋಣವೆಂದರೆ ಬಾಟಲಿಯ ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು, ಕಡ್ಡಿ ಹಾಕಿದರೂ ಬರುತ್ತಿರಲಿಲ್ಲ. ಬಾಟಲಿಯನ್ನು ಬಾಚಣಿಗೆಯ ಜೊತೆ ಪಕ್ಕದಲ್ಲೇ ನೆಲದ ಮೇಲೆ ಇಟ್ಟುಕೊಂಡಳು.

ಊರು ಬಿಟ್ಟು ಸ್ವಲ್ಪ ದೂರ ಹೋಗುವವರೆಗೆ ಹಿತವಾಗಿಯೇ ಇತ್ತು. ಕೆಳಗಿನಿಂದ ಬೆಚ್ಚನೆಯ ಗಾಳಿ ಬಂದಾಗ, ಚಳಿಗೆ ಒಳ್ಳೆಯದೇ ಆಯಿತು ಎಂದುಕೊಂಡಳು. ಮಲಗಿದಲ್ಲಿಂದ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಆಕಾಶ, ತೆಂಗಿನ ತಲೆ, ಕರೆಂಟಿನ ತಂತಿ, ಮತ್ತೆ ತೆಂಗಿನ ತಲೆ. ಉಳಿದದ್ದನ್ನೆಲ್ಲ ಮುಂದಿನ ಸೀಟಿನಿಂದ ಮರುಳಸಿದ್ದಯ್ಯ ಕೂಗಿ ಕೂಗಿ ಹೇಳುತ್ತಿದ್ದ.

"ನೊಣವಿನಕೆರೆ ಬಂತು ಕಣೇ! ಕೆರೆ ತುಂಬಾ ನೀರೈತೆ! ಏರಿ ಮೇಲೆ ಒಬ್ಬ ಎಮ್ಮೆ ಮೈ ತೊಳೀತಾವ್ನೆ!"

"ಎಷ್ಟು ಎಮ್ಮೆ?" ಎಂದಳು ಶಿವರುದ್ರಮ್ಮ ಹಲ್ಲು ಕಚ್ಚಿಕೊಂಡು.

"ಮೂರು ಕಣೇ!"

ಪಕ್ಕದ ಸೀಟಿನಲ್ಲಿದ್ದ ಹುಚ್ಚರಂಗಯ್ಯ ತಿರುಗಿ ಒಂದು ಸಲ ಆಕೆಯ ಮುಖ ನೋಡಿದ.

ನೊಣವಿನಕೆರೆ ದಾಟಿದ ಮೇಲೆ ಹಿತ ಎನ್ನುವುದು ಕಾವಾಯಿತು, ಕಾವು ಉರಿಯಾಯಿತು. ಎಂಜಿನ್ನಿನ ಹೊಗೆಕೊಳವೆ ಸರಿಯಾಗಿ ಆಕೆಯ ಸೊಂಟದ ಕೆಳಗೇ ಹಾದುಹೋಗಿತ್ತು. ರಸ್ತೆಯ ಧೂಳು ಸಂದುಗಳಿಂದ ಎದ್ದು ಕಣ್ಣು ಮೂಗಿಗೆ ತುಂಬಿಕೊಂಡಿತು, ಅದರ ಜೊತೆಗೆ ಹೊಗೆಯ ವಾಸನೆ. ತುರುವೇಕೆರೆಯಲ್ಲಿ ವ್ಯಾನು ನಿಂತಾಗ ಶಿವರುದ್ರಮ್ಮ ಎದ್ದು ಕೂತು, ಕೆದರಿದ ತಲೆಯನ್ನಾದರೂ ಸರಿಮಾಡಿಕೊಳ್ಳೋಣವೆಂದು ಎಣ್ಣೆಯ ಬಾಟಲಿಗೆ ಕೈ ಹಾಕಿದಳು. ಬಾಟಲಿ ಬೆಚ್ಚಗಿತ್ತು. ಎಣ್ಣೆ ನೀರಾಗಿ ತಳದಲ್ಲಿ ತುಳುಕಾಡುತ್ತಿತ್ತು.

ಆಕೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಲೆಯ ಪಕ್ಕ ಇಟ್ಟರೂ ಇಷ್ಟು ಬೇಗ ಕರಗುವ ಎಣ್ಣೆಯಲ್ಲ ಅದು. ಆಮೇಲೆ ಮೂಲೆಯಲ್ಲಿಟ್ಟ ಕಾಯಿಯನ್ನು ನೋಡಿದಳು. ಮೂವತ್ತು ವರ್ಷ ತಾನು ಅಡುಗೆಮನೆಯಲ್ಲಿ ಒಲೆ ಉರಿಸಿ ಮೇಲಿನ ಅಟ್ಟಕ್ಕೆ ಬಿಸಿ ಕಳಿಸಿದ್ದೆಲ್ಲ ಒಮ್ಮೆಗೇ ತಲೆಗೆ ಬಂತು. ಆಗ ಕೆಳಗೆ ಇದ್ದಳು, ಈಗ ಮೇಲೆ ಮಲಗಿದ್ದಾಳೆ.

"ರಂಗಣ್ಣ, ಬಾ ಇಲ್ಲಿ" ಎಂದಳು. "ನಿನ್ನ ಅಟ್ಟ ಚೆನ್ನಾಗೈತೆ. ಕೆಳಗಿನ ಬಿಸಿ ಒಂದ್ ಚೂರೂ ದಂಡ ಮಾಡ್ದೆ ಮೇಲಕ್ಕೆ ಕಳಿಸ್ತೈತೆ. ಆದ್ರೆ ನಾನು ಕಾಯಲ್ಲ ಕಣಪ್ಪ. ಹೊನ್ನಾವರ ಮುಟ್ಟೋ ಹೊತ್ತಿಗೆ ನನ್ನ ಅಲ್ಲಾಡಿಸಿದ್ರೆ ಗಟಗಟ ಅಂತೀನಿ."

ಮರುಳಸಿದ್ದಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಚ್ಚರಂಗಯ್ಯ ನಗಲಿಲ್ಲ. ನಲವತ್ತು ವರ್ಷದಲ್ಲಿ ತನ್ನ ಕೆಲಸಕ್ಕೆ ಯಾರೂ ಒಂದು ಮಾತು ಅಂದಿರಲಿಲ್ಲ. ಈಗ ತುರುವೇಕೆರೆ ಬಸ್ ನಿಲ್ದಾಣದ ಎದುರು ಅನ್ನಿಸಿಕೊಂಡಿದ್ದ. ವಾಪಸು ಬರುವಾಗ ನೊಣವಿನಕೆರೆಯಲ್ಲಿ ಇಳಿದು, ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ತಿರುಗಿಯೂ ನೋಡದೆ ಮನೆಗೆ ಹೋಗಿಬಿಟ್ಟ.

ಅಂದು ಸಂಜೆ ಮರುಳಸಿದ್ದಯ್ಯ ಮಂಚದ ಪಕ್ಕ ಕೂತು ಮೆಲ್ಲಗೆ ಹೇಳಿದ: "ಆಗೋ ಮಾತಲ್ಲ ಬುಡೇ ಇದು. ಮದುವೆಗಿನ್ನು ಇಪ್ಪತ್ತೇ ದಿನ ಐತೆ. ನಾನೇ ಬಸ್ಸಲ್ಲಿ ಹೋಗ್ಬತ್ತೀನಿ. ಬಂದು ಎಲ್ಲಾ..."

"ಎಲ್ಲಾ ಹೇಳ್ತೀರಿ" ಎಂದಳು ಶಿವರುದ್ರಮ್ಮ. "ನಂಗೊತ್ತು. ನಮ್ಮ ಹುಡುಗಿ ಕೆನ್ನೆಗೆ ಅರಿಶಿನ ಹೆಂಗೆ ಹತ್ತಿತ್ತು ಅಂತಾನೂ ಹೇಳ್ತೀರಿ, ಸಮುದ್ರ ಎಷ್ಟು ದೊಡ್ಡದು ಅಂತಾನೂ ಹೇಳ್ತೀರಿ. ನಾನು ಇಲ್ಲಿ ಸೂರು ನೋಡ್ಕೊಂಡು ಹೂಂ ಅಂತೀನಿ. ರೀ, ನಂಗೆ ಸಾಕಾಗೈತೆ. ನೀವು ಹೇಳೋದ್ರಲ್ಲಿ ತಪ್ಪಿಲ್ಲ, ಕೇಳಿ ಕೇಳಿ ನಂಗೇ ಸಾಕಾಗೈತೆ."

ಮೂರು ವರ್ಷದಿಂದ ಮರುಳಸಿದ್ದಯ್ಯ ತಾನು ಹೆಂಡತಿಗೆ ಸಂತೋಷ ತಂದುಕೊಡುತ್ತಿದ್ದೇನೆ ಎಂದುಕೊಂಡಿದ್ದ. ಅವನ ಮುಖ ನೋಡಿ ಶಿವರುದ್ರಮ್ಮನಿಗೂ ಪಾಪ ಎನಿಸಿತು. ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಅಳೋದಕ್ಕೇನೂ ಆಗಿಲ್ಲ" ಎಂದಳು. "ಮೇಲಕ್ಕೆ ಬರೋ ಬಿಸೀನ ತಡೆದ್ರೆ ಆಯ್ತಲ್ಲ. ಮಧ್ಯಾಹ್ನದ ಅನ್ನ ಸಂಜೆವರೆಗೂ ಬಿಸಿ ಇರ್ಲಿ ಅಂತ ನಾನು ಪಾತ್ರೆಗೆ ಏನು ಸುತ್ತಿಡ್ತಿದ್ದೆ?"

"ಗೋಣಿಚೀಲ."

"ಒಳಗಿನ ಬಿಸಿ ಹೊರಕ್ಕೆ ಬಿಡದೆ ಇರೋದು ಹೊರಗಿನ ಬಿಸಿ ಒಳಕ್ಕೆ ಬಿಟ್ಟೀತಾ? ಊರು ತುಂಬಾ ತೆಂಗಿನ ನಾರು ಬಿದ್ದೈತೆ. ನಾಳೆ ಹೋಗಿ ರಂಗಣ್ಣನ್ನ ಕರ್ಕಂಬನ್ನಿ."

ಹುಚ್ಚರಂಗಯ್ಯ ಮೂರು ದಿನ ಬರಲಿಲ್ಲ. ಮೊದಲ ದಿನ ಕಾಲು ನೋವು, ಎರಡನೆಯ ದಿನ ನೆಂಟರು, ಮೂರನೆಯ ದಿನ ಮನೆಯಲ್ಲೇ ಇಲ್ಲ ಎಂದು ಒಳಗಿನಿಂದ ಅವನದೇ ದನಿ ಹೇಳಿತು. ನಾಲ್ಕನೆಯ ದಿನ ಶಿವರುದ್ರಮ್ಮ ಗಂಡನ ಕೈಯಲ್ಲಿ ಹೇಳಿ ಕಳಿಸಿದಳು: 'ಬೇರೆ ಯಾರಾದರೂ ನೆಲ ಹಾಕಿದರೆ ಊರಿನವರು, ಹುಚ್ಚರಂಗಯ್ಯ ಮಾಡಲಾರದ್ದನ್ನು ಅವನು ಮಾಡಿದ ಅಂತಾರೆ. ಅದು ನನಗೆ ಇಷ್ಟವಿಲ್ಲ.' ಮಾತು ಮುಟ್ಟಿದ ಅರ್ಧ ಗಂಟೆಗೆ ಹುಚ್ಚರಂಗಯ್ಯ ಉಳಿ ಸುತ್ತಿಗೆ ಹಿಡಿದು ನೊಣವಿನಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ.

ಈ ಸಲ ಕೆಲಸದ ಯಜಮಾನಿಕೆ ಶಿವರುದ್ರಮ್ಮನದು. ಮಂಚವನ್ನು ಅಂಗಳಕ್ಕೆ ಹಾಕಿಸಿಕೊಂಡು, ಮಲಗಿದಲ್ಲಿಂದಲೇ ಕೋಲು ತೋರಿಸಿ ತೋರಿಸಿ ಮಾಡಿಸಿದಳು. ಮೊದಲು ದಬ್ಬೆ ಎಲ್ಲ ಕಿತ್ತರು. ತೂತುಗಳಿಗೆ ಎಣ್ಣೆ ಡಬ್ಬದ ತಗಡನ್ನು ಬಡಿದು ಚಪ್ಪಟೆ ಮಾಡಿ ಮುಚ್ಚಿದರು, ತುಕ್ಕು ಕೆರೆದು ಕೆಂಪು ಬಣ್ಣ ಬಳಿದರು. ಹುಚ್ಚರಂಗಯ್ಯ ಕೊನೆಗೆ ತಡೆಯಲಾರದೆ ಅಂದ: "ಗಾಳಿ ಆಡ್ಬೇಕು ಅಮ್ಮಾರೆ. ನೀವು ಏನಾರಾ ಹೇಳಿ. ಗಾಳಿ ಆಡೋದು ಬ್ಯಾಡ ಅಂದ್ರೆ ನನ್ ಕೈ ಒಪ್ಪಲ್ಲ."

"ಆಡ್ಲಿ ಕಣಪ್ಪ. ಯಾರು ಬ್ಯಾಡ ಅಂದೋರು? ಆ ಹೊಗೆಕೊಳವೆಗೂ ನೆಲಕ್ಕೂ ನಡುವೆ ಒಂದು ತಗಡು ತೂಗು ಹಾಕು. ಆ ತಗಡಿಗೂ ನೆಲಕ್ಕೂ ನಡುವೆ ನಿನ್ನ ಎರಡು ಬೆರಳು ಸಂದು ಬಿಡು. ಗಾಳಿ ಅಲ್ಲಿ ಆಡ್ಕೊಂಡು, ಬಿಸೀನ ಹೊಡ್ಕೊಂಡು ಹೋಗ್ಲಿ. ಹೊರಗಡೆ."

ಹುಚ್ಚರಂಗಯ್ಯ ವ್ಯಾನಿನ ಕೆಳಗೆ ತೂರಿ, ಬೆನ್ನ ಮೇಲೆ ಮಲಗಿ ಸುಮಾರು ಹೊತ್ತು ನೋಡಿದ. ಹೊರಗೆ ಬಂದಾಗ ಮುಖ ಬದಲಾಗಿತ್ತು. "ಇದು ಮಾತು" ಎಂದ.

ಒಣ ನಾರಿನ ಹೊರೆ ಬಂತು. ಶಿವರುದ್ರಮ್ಮ ಒಂದೊಂದು ಹಿಡಿಯನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಸ್ವಲ್ಪ ತಂಪು ಎನಿಸಿದರೂ ಅದು ಮತ್ತೆ ಬಿಸಿಲಿಗೆ. ಹಸಿ ನಾರು ತುಂಬಿದರೆ ಮುಗ್ಗುಲು ವಾಸನೆ ಬಂದು ತಗಡೂ ಹೋಗುತ್ತದೆ, ಮರವೂ ಹೋಗುತ್ತದೆ. ಒಣಗಿದ ನಾರನ್ನು ಬಿಡಿಸಿ, ಎರಡು ಗೋಣಿಯ ನಡುವೆ ಹರಡಿ, ಹಾಸಿಗೆ ಹೊಲಿದ ಹಾಗೆ ದಬ್ಬಣದಲ್ಲಿ ಅವಳೇ ಹೊಲಿದಳು. ಮಲಗಿಕೊಂಡು ಮಾಡಬಹುದಾದ ಕೆಲಸ ಸಿಕ್ಕಿ ಮೂರು ವರ್ಷವಾಗಿತ್ತು. ಬೆರಳು ಒಡೆದು ರಕ್ತ ಬಂದರೂ ದಬ್ಬಣವನ್ನು ಬೇರೆಯವರ ಕೈಗೆ ಕೊಡಲಿಲ್ಲ. ತೊಲೆತೊಲೆಗಳ ನಡುವೆ ಆ ಗೋಣಿ ಹಾಸಿಗೆಗಳನ್ನು ಅಂಗುಲ ಬಿಡದೆ ಒತ್ತಿ ತುಂಬಿದರು.

ತೊಲೆಯ ಎತ್ತರದಲ್ಲಿ ಮಾತ್ರ ಒಂದು ತಕರಾರಾಯಿತು. ಆರು ಬೆರಳು ಎತ್ತರ ಸಾಕು ಎಂದು ಶಿವರುದ್ರಮ್ಮ ಹೇಳಿದ್ದಳು. ಹುಚ್ಚರಂಗಯ್ಯ ಅದಕ್ಕೆ ಮೊದಲು, ಆಕೆಯನ್ನು ದಿಂಬು ಸಮೇತ ವ್ಯಾನಿನಲ್ಲಿ ಒಂದು ಸಲ ಮಲಗಿಸಿ, ಗೇಣು ಇಟ್ಟು ಏನೋ ಅಳೆದುಕೊಂಡು ಹೋಗಿದ್ದ. ತಂದ ತೊಲೆ ನೋಡಿದರೆ ಪೂರಾ ಒಂದು ಗೇಣು ಎತ್ತರ.

"ಇದೇನ್ಲಾ, ಮದುವೆ ಮಂಟಪ ಕಟ್ತೀಯೇನು? ನಾನು ಒಳಗೆ ತಲೆ ಎತ್ತಂಗಿಲ್ಲ!" ಎಂದ ಮರುಳಸಿದ್ದಯ್ಯ.

"ನೀವು ಗಾಡಿ ಓಡ್ಸೋರು ಸಿದ್ದಯ್ನೋರೆ, ಒಳಗೆ ನಿಂತ್ಕಂಡೇನು ಮಾಡೀರಿ" ಎಂದ ಹುಚ್ಚರಂಗಯ್ಯ.

"ಅಳತೆ ತಪ್ಪಿದ್ದೀಯ ರಂಗಣ್ಣ. ತಪ್ಪಿದ್ದೀನಿ ಅಂತ ಒಪ್ಕೊ, ಕುಯ್ದು ಕಮ್ಮಿ ಮಾಡು" ಎಂದಳು ಶಿವರುದ್ರಮ್ಮ.

"ಇರ್ಲಿ ಬುಡಿ ಅಮ್ಮಾರೆ" ಎಂದನೇ ಹೊರತು ಕುಯ್ಯಲಿಲ್ಲ. ಎರಡು ಸಾಲು ಗೋಣಿ ಹಾಸಿಗೆ ಹೆಚ್ಚಿಗೆ ಹೊಲಿಯಬೇಕಾಯಿತು. ಹಟಮಾರಿ ಮುದುಕ ಎಂದು ಬೈದುಕೊಂಡೇ ಶಿವರುದ್ರಮ್ಮ ಹೊಲಿದಳು.

ನಿಜವಾದ ಕಷ್ಟ ಹಲಗೆಯಲ್ಲಿ ಬಂತು. ಮಾವಿನ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿದಂತೆ ಕೂಡಿಸಬೇಕು. ಹುಚ್ಚರಂಗಯ್ಯ ಒಂದು ಹಲಗೆ ಬಡಿದ, ಎರಡನೆಯದು ಬಡಿದ, ಮೂರನೆಯದು ಬಡಿಯುವಾಗ ನೋಡಿದರೆ ನಡುವೆ ಸಂದು. ಕಿತ್ತು ಮತ್ತೆ ಬಡಿದ. ಮತ್ತೆ ಸಂದು. ನಲವತ್ತು ವರ್ಷದ ಅಭ್ಯಾಸ, ಬೆರಳು ತಮ್ಮಷ್ಟಕ್ಕೇ ಜಾಗ ಬಿಟ್ಟುಕೊಳ್ಳುತ್ತಿದ್ದವು. ಸುತ್ತಿಗೆ ಕೆಳಗಿಟ್ಟು ಕೈಯನ್ನೇ ನೋಡುತ್ತ ಕೂತ.

"ನಂಗೆ ಬರಲ್ಲ ಅಮ್ಮಾರೆ" ಎಂದ. ಆ ಮಾತನ್ನು ಅವನು ಜೀವನದಲ್ಲಿ ಆಡಿದ್ದು ಅದೇ ಮೊದಲು ಇರಬೇಕು. "ಬಿಟ್ಟು ಬಡಿಯೋದು ಗೊತ್ತು. ಕೂಡಿಸಿ ಬಡಿಯೋದು ಈ ಕೈಗೆ ಗೊತ್ತಿಲ್ಲ."

ಶಿವರುದ್ರಮ್ಮ ದಿಂಬಿನ ಕೆಳಗಿನಿಂದ ತಂಗಿಯ ಕಾಗದ ತೆಗೆದಳು. "ತಗಾ. ಪ್ರತಿ ಹಲಗೆ ಬಡಿದಾಗ್ಲೂ ಸಂದಿಗೆ ಇದನ್ನ ತೂರಿಸಿ ನೋಡು. ತೂರಿದ್ರೆ ಕಿತ್ತಾಕು, ತೂರದಿದ್ರೆ ಮುಂದಕ್ಕೆ ಹೋಗು. ಕೈಗೆ ಗೊತ್ತಿಲ್ದೆ ಇದ್ರೆ ಕಾಗದ ಹೇಳ್ಕೊಡ್ತದೆ."

ಹುಚ್ಚರಂಗಯ್ಯ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮೊದಲ ದಿನ ನಾಲ್ಕೇ ಹಲಗೆ ಕೂತವು. ಎರಡನೆಯ ದಿನ ಒಂಬತ್ತು. ಮೂರನೆಯ ದಿನ ಕಾಗದ ತೂರಿಸುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು, ಆದರೂ ಪ್ರತಿ ಸಂದಿಗೂ ಹಿಡಿದು ನೋಡಿದ. ಕೆಲಸ ಮುಗಿಯುವ ಹೊತ್ತಿಗೆ ಕಾಗದದ ಅಂಚು ನಾಯಿ ಕಿವಿಯ ಹಾಗೆ ಮಡಚಿಹೋಗಿತ್ತು, ಅಕ್ಷರ ಮಾತ್ರ ಹಾಗೇ ಇದ್ದವು. ಹೊಸ ನೆಲಕ್ಕೆ ಕಾಯಿ ಇಡೋಣವೇ ಎಂದು ಮರುಳಸಿದ್ದಯ್ಯ ಕೇಳಿದಾಗ, ಹುಚ್ಚರಂಗಯ್ಯ ಬೇಡವೆಂದು ತಲೆಯಾಡಿಸಿದ. "ಮೊದ್ಲು ಪಾಸಾಗ್ಲಿ."

ಪರೀಕ್ಷೆಯನ್ನೂ ಶಿವರುದ್ರಮ್ಮನೇ ಗೊತ್ತುಮಾಡಿದಳು. ಫೆಬ್ರವರಿಯ ಎರಡನೇ ವಾರ ಬಂದಿತ್ತು, ಆದರೂ ಬೆಳಗಿನ ಹೊತ್ತು ಎಣ್ಣೆ ಇನ್ನೂ ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟಿದ ಎರಡು ಬಾಟಲಿ. ಒಂದನ್ನು ವ್ಯಾನಿನ ಸೂರಿಗೆ ಕೊಕ್ಕೆಯಲ್ಲಿ ತೂಗು ಹಾಕಿದರು, ಇನ್ನೊಂದನ್ನು ಸರಿಯಾಗಿ ಹೊಗೆಕೊಳವೆಯ ಮೇಲಕ್ಕೆ ಬರುವ ಹಾಗೆ ನೆಲದ ಮೇಲಿಟ್ಟರು. ತುರುವೇಕೆರೆ ಮುಟ್ಟಿದಾಗ ಎರಡೂ ಒಂದೇ ಥರ ಇರಬೇಕು. ಬಿಸಿಲಿಗೆ ಕರಗಿದರೆ ಎರಡೂ ಕರಗುತ್ತವೆ. ಕೆಳಗಿನದು ಮಾತ್ರ ಕರಗಿದರೆ ತಪ್ಪು ನೆಲದ್ದು, ಆಗ ಮರುಳಸಿದ್ದಯ್ಯ ಬಸ್ಸಿನಲ್ಲಿ ಹೋಗುತ್ತಾನೆ. ಇದಕ್ಕೆ ಮೂವರೂ ಒಪ್ಪಿದರು.

ಬೆಳಿಗ್ಗೆ ಆರೂವರೆಗೆ ಹೊರಟರು. ಶಿವರುದ್ರಮ್ಮ ಒಂದು ಕೈಯನ್ನು ಹಲಗೆಯ ಮೇಲೆ ಇಟ್ಟುಕೊಂಡೇ ಮಲಗಿದ್ದಳು. ಪರದೆ ಮುಚ್ಚಿತ್ತು. ನೊಣವಿನಕೆರೆಯಲ್ಲಿ ಹಲಗೆ ತಣ್ಣಗಿತ್ತು. ಅದನ್ನು ದಾಟಿ ಕಳೆದ ಸಲ ಉರಿ ಹತ್ತಿದ ಜಾಗ ಬಂದಾಗ ಆಕೆ ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದಳು. ಹಲಗೆ ತಣ್ಣಗೇ ಇತ್ತು. ಮೂಗಿಗೆ ಧೂಳಿಲ್ಲ. ಮಾವಿನ ಮರದ ಹಸಿ ವಾಸನೆ, ಅದರ ಅಡಿಯಲ್ಲಿ ಎಲ್ಲೋ ನಾರಿನ ವಾಸನೆ.

ತುರುವೇಕೆರೆ ಬಸ್ ನಿಲ್ದಾಣದ ಎದುರು, ಅದೇ ಜಾಗದಲ್ಲಿ, ಮರುಳಸಿದ್ದಯ್ಯ ವ್ಯಾನು ನಿಲ್ಲಿಸಿದ. ಹುಚ್ಚರಂಗಯ್ಯ ಇಳಿದು ಹಿಂದಿನ ಬಾಗಿಲು ತೆಗೆದ. ಶಿವರುದ್ರಮ್ಮ ಎದ್ದು ಕೂತು, ಮೇಲಿನ ಬಾಟಲಿಯನ್ನು ಕೊಕ್ಕೆಯಿಂದ ತೆಗೆದು ಬುಡಮೇಲು ಹಿಡಿದಳು. ಎಣ್ಣೆ ಅಲುಗಲಿಲ್ಲ. ಕೆಳಗಿನದನ್ನು ತೆಗೆದುಕೊಂಡಳು. ಬಿರಡೆ ಬಿಚ್ಚಿ, ಹುಚ್ಚರಂಗಯ್ಯನ ಅಂಗೈ ಚಾಚಿಸಿ, ಅದರ ಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ.

"ಏನು ರಂಗಣ್ಣ?" ಎಂದಳು.

ಹುಚ್ಚರಂಗಯ್ಯ ಖಾಲಿ ಅಂಗೈಯನ್ನೇ ನೋಡಿದ. ಆಮೇಲೆ ಬಸ್ ನಿಲ್ದಾಣದ ಜನರೆಲ್ಲ ತಿರುಗಿ ನೋಡುವ ಹಾಗೆ ನಕ್ಕ. ಎದುರಿನ ಅಂಗಡಿಗೆ ಹೋಗಿ, ಆರಿಸಿ ಆರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ತುಂಬಿದ ಒಂದು ಕಾಯಿ ತಂದ. "ಇಡಿ ಅಮ್ಮಾರೆ. ಹೊನ್ನಾವರದಲ್ಲಿ ಒಡೆದಾಗ ಇದ್ರಾಗೆ ನೀರಿರ್ಬೇಕು. ಇಲ್ದಿದ್ರೆ ನನ್ ಹೆಸರೇ ಬ್ಯಾಡ."

ಪರದೆ ಸರಿಸಿಕೊಂಡು ಶಿವರುದ್ರಮ್ಮ ಮತ್ತೆ ದಿಂಬಿಗೆ ತಲೆಯಿಟ್ಟಳು. ವ್ಯಾನು ತಿರುಗಿ ಊರಿನ ಹಾದಿ ಹಿಡಿಯಿತು. ಬಿಸಿಲು ಆಗತಾನೇ ತೋಟಗಳೊಳಗೆ ಇಳಿಯುತ್ತಿತ್ತು. ತೋಟದ ಬೇಲಿಯ ಹತ್ತಿರ ಒಬ್ಬ ಹೆಂಗಸು ಸೋಗೆ ಎಳೆದುಕೊಂಡು ಹೋಗುತ್ತಿದ್ದಳು, ಅವಳ ಹಿಂದೆ ಒಂದು ಕರು. ತೆಂಗಿನ ತಲೆಯಲ್ಲ, ಬುಡ ಕಾಣುತ್ತಿತ್ತು. ಬುಡದ ಪಾತಿ, ಪಾತಿಗೆ ಹರಿಯುವ ನೀರು, ನೀರಿನಲ್ಲಿ ನಿಂತ ಕೊಕ್ಕರೆ ಕಾಣುತ್ತಿದ್ದವು. ಶಿವರುದ್ರಮ್ಮ ಬೆಪ್ಪಾಗಿ ನೋಡುತ್ತಿದ್ದಳು. ಕತ್ತು ಎತ್ತಿರಲಿಲ್ಲ, ಮೈ ತಿರುಗಿಸಿರಲಿಲ್ಲ. ಕಿಟಕಿಯ ಕೆಳಗಿನ ಅಂಚು ಸರಿಯಾಗಿ ಆಕೆಯ ಕಣ್ಣಿನ ಮಟ್ಟಕ್ಕೆ ಬಂದಿತ್ತು.

ಒಂದು ಗೇಣು. ದಿಂಬಿನ ಪಕ್ಕ ಕೈಯಿಟ್ಟು ಅವನು ಅಳೆದುಕೊಂಡು ಹೋಗಿದ್ದು ಅದನ್ನು.

"ರಂಗಣ್ಣ" ಎಂದಳು. "ಅಳತೆ ತಪ್ಪಿದ್ದೀಯ ಅಂದಿದ್ನಲ್ಲಪ್ಪ."

"ಅವತ್ತು ಎಮ್ಮೆ ಎಷ್ಟು ಅಂತ ಕೇಳಿದ್ರಲ್ಲ ನೀವು" ಎಂದ ಹುಚ್ಚರಂಗಯ್ಯ, ಮುಂದೆ ನೋಡುತ್ತಲೇ. "ಆಗ್ಲೇ ಅಂದ್ಕಂಡೆ, ಈ ನೆಲ ತಗ್ಗಾಯ್ತು ಅಂತ."

ನೊಣವಿನಕೆರೆಯ ಏರಿಯ ಮೇಲೆ ಆ ದಿನವೂ ಎಮ್ಮೆಗಳಿದ್ದವು. ಶಿವರುದ್ರಮ್ಮ ತಾನೇ ಎಣಿಸಿದಳು. ಎರಡು.

ಹದಿನೈದನೇ ತಾರೀಖು ಬೆಳಗಾಗುವ ಹೊತ್ತಿಗೆ ಗಂಡಹೆಂಡಿರು ಹೊರಟರು. ಶಿವಮೊಗ್ಗದಲ್ಲಿ ಮರದ ನೆರಳಿಗೆ ನಿಲ್ಲಿಸಿ ಸ್ಟವ್ ಹಚ್ಚಿ ಅನ್ನ ಮಾಡಿಕೊಂಡರು. ಸಾಗರದ ಹತ್ತಿರ ರಾತ್ರಿ ತಂಗಿದರು. ಮಾರನೆಯ ದಿನ ಘಟ್ಟದ ಏರುತಗ್ಗಿನಲ್ಲಿ ಎಂಜಿನ್ನು ಕಾದು, ಕೆಳಗೆ ಹೊಗೆಕೊಳವೆ ಕೆಂಪಗಾಗುವಷ್ಟು ಸುಟ್ಟಿತ್ತು. ಹಲಗೆಯ ಮೇಲೆ ಶಿವರುದ್ರಮ್ಮ ಹಾಯಾಗಿ ಒಂದು ನಿದ್ದೆ ತೆಗೆದಳು. ಕಾಲ ಬಳಿ ತುಂಬುಗಾಯಿ ಅತ್ತಿತ್ತ ಉರುಳುತ್ತಿತ್ತು, ಒಳಗೆ ನೀರಿನ ಸದ್ದು.

ಹೊನ್ನಾವರದ ಹತ್ತಿರ ಗಾಳಿಯ ವಾಸನೆ ಬದಲಾಯಿತು. ರಸ್ತೆ ತಿರುಗಿತು, ಸೇತುವೆ ಬಂತು. ಅದರ ಮೇಲೆ ಲಾರಿಗಳು ಎದುರುಬದುರಾಗಿ ಇರುಕಿಕೊಂಡಿದ್ದವು. ಮರುಳಸಿದ್ದಯ್ಯ ಎರಡೂ ಕೈಯಲ್ಲಿ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಮುಂದಿನ ಲಾರಿಯ ಹಿಂಭಾಗವನ್ನೇ ದಿಟ್ಟಿಸುತ್ತ, ಮೂರು ವರ್ಷದ ಅಭ್ಯಾಸದಿಂದ ಕೂಗಿದ: "ಲೇ, ಸಮುದ್ರ ಬಂತು ಅಂತ ಕಾಣ್ತದೆ ಕಣೇ! ಎಡಗಡೆ... ತಾಳು, ಈ ಲಾರಿ ಒಂದು..."

"ನೀವು ರಸ್ತೆ ನೋಡ್ಕೊಂಡು ಓಡ್ಸಿ" ಎಂದಳು ಶಿವರುದ್ರಮ್ಮ ದಿಂಬಿನ ಮೇಲಿಂದ. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನಿಮಗೆ ಈಗ ನೋಡಾಕಾಗಲ್ಲ. ಹೆಂಗೈತೆ ಅಂತ ನಾನು ಹೇಳ್ತೀನಿ, ಕೇಳಿ."